1939ರ ಸೆಪ್ಟೆಂಬರ್ 1: ನಾನು ಹೇಳಿಕೊಡದೆ ಉಳಿಸಿದ ಪಾಠ

ಎರಡನೆಯ ಮಹಾಯುದ್ಧ ಆರಂಭವಾದ ದಿನ ಯಾವುದೆಂದು ತರಗತಿಯಲ್ಲಿ ಕೇಳಿದರೆ ನೀವೆಲ್ಲ ಒಕ್ಕೊರಲಿನಿಂದ '1939ರ ಸೆಪ್ಟೆಂಬರ್ 1' ಎನ್ನುತ್ತಿದ್ದಿರಿ. ಅಂದು ಹಿಟ್ಲರನ ಸೇನೆ ಪೋಲೆಂಡನ್ನು ಹೊಕ್ಕಿತು. ಅದೇ ದಿನ ಇಂಗ್ಲೆಂಡಿನ ಶಾಲೆಗಳಲ್ಲಿ ಏನಾಯಿತೆಂಬುದನ್ನು ಮಾತ್ರ ನಾನು ನಿಮಗೆ ಹೇಳಿಕೊಡಲಿಲ್ಲ. ಆ ಬಾಕಿಯನ್ನು ಇಂದು ತೀರಿಸುತ್ತಿದ್ದೇನೆ.

ಆಗ ಅಲ್ಲಿ ಕಡ್ಡಾಯ ಶಿಕ್ಷಣ 14 ವರ್ಷಕ್ಕೆ ಮುಗಿಯುತ್ತಿತ್ತು. ಬಡವರ ಮಕ್ಕಳು ಅಲ್ಲಿಂದ ನೇರವಾಗಿ ದುಡಿಮೆಗೆ ಹೋಗುತ್ತಿದ್ದರು. 1936ರ ಶಿಕ್ಷಣ ಕಾಯಿದೆ, ಕೆಲವು ವಿನಾಯಿತಿಗಳೊಡನೆ, ಈ ಮಿತಿಯನ್ನು 15ಕ್ಕೆ ಏರಿಸಿತ್ತು. ಅದು ಜಾರಿಗೆ ಬರಬೇಕಾಗಿದ್ದ ದಿನವೇ 1939ರ ಸೆಪ್ಟೆಂಬರ್ 1!

ಆದರೆ ಅಂದು ಬೆಳಿಗ್ಗೆ ಮಕ್ಕಳು ಶಾಲೆಗಳಿಂದ ಹೊರಟದ್ದು ರೈಲು ನಿಲ್ದಾಣಗಳಿಗೆ. ಬಾಂಬ್ ದಾಳಿಗೆ ಅಂಜಿ ಸರ್ಕಾರ ಅವರನ್ನು ಹಳ್ಳಿಗಳಿಗೆ ಸಾಗಿಸತೊಡಗಿತ್ತು. ಅಂಗಿಗೆ ಹೆಸರಿನ ಚೀಟಿ, ಹೆಗಲಿನಲ್ಲಿ ವಿಷಾನಿಲ ತಡೆಯುವ ಮುಖವಾಡದ ಪೆಟ್ಟಿಗೆ. ಮೂರೇ ದಿನಗಳಲ್ಲಿ ಸುಮಾರು 15 ಲಕ್ಷ ಜನ ಸ್ಥಳಾಂತರಗೊಂಡರು. ಅವರಲ್ಲಿ 8 ಲಕ್ಷಕ್ಕೂ ಮಿಕ್ಕಿ ಶಾಲಾಮಕ್ಕಳು. ಅವರೊಡನೆ ಶಿಕ್ಷಕರೂ ಮನೆ ಬಿಟ್ಟು ನಡೆದರು.

ಹಳ್ಳಿಯ ಶಾಲೆಗಳಲ್ಲಿ ಸ್ಥಳ ಸಾಲದಾಯಿತು. ಊರಿನ ಮಕ್ಕಳಿಗೆ ಬೆಳಿಗ್ಗೆ, ಬಂದ ಮಕ್ಕಳಿಗೆ ಮಧ್ಯಾಹ್ನ ಎಂದು ಪಾಳಿಗಳಾದವು. ನಗರಗಳಲ್ಲಿ ಶಾಲೆಗಳಿಗೆ ಬೀಗ ಬಿದ್ದಿತು. ಅನೇಕ ಕಟ್ಟಡಗಳು ನಾಗರಿಕ ರಕ್ಷಣಾ ಪಡೆಗಳ ಪಾಲಾದವು. ನಿರೀಕ್ಷಿಸಿದ ಬಾಂಬುಗಳು ಆ ಚಳಿಗಾಲದಲ್ಲಿ ಬೀಳಲಿಲ್ಲ. ತಾಯಂದಿರು ಮಕ್ಕಳನ್ನು ಮರಳಿ ಕರೆತಂದರು. ಆದರೆ ಕಲಿಯಲು ಶಾಲೆಗಳೇ ತೆರೆದಿರಲಿಲ್ಲ. ಲಕ್ಷಾಂತರ ಮಕ್ಕಳು ತಿಂಗಳುಗಟ್ಟಲೆ ಬೀದಿಯಲ್ಲೇ ಉಳಿದರು.

ಹೀಗೆ 15 ವರ್ಷದ ನಿಯಮವೂ ಮುಂದಕ್ಕೆ ಹೋಯಿತು. ಯುದ್ಧದ ನಡುವೆಯೇ, ಆರ್. ಎ. ಬಟ್ಲರ್ ಅವರ ಶ್ರಮದಿಂದ, 1944ರ ಶಿಕ್ಷಣ ಕಾಯಿದೆ ಬಂದಿತು. ಅದು ಸರ್ಕಾರಿ ಪ್ರೌಢಶಾಲೆಗಳಲ್ಲಿ ಶುಲ್ಕವನ್ನು ತೆಗೆದುಹಾಕಿತು. ಆದರೂ ಕಡ್ಡಾಯ ಶಿಕ್ಷಣ 15ಕ್ಕೆ ಏರಿದ್ದು 1947ರ ಏಪ್ರಿಲ್ 1ರಂದು. ಏಳೂವರೆ ವರ್ಷ ತಡವಾಗಿತ್ತು. 1939ರಲ್ಲಿ 14 ತುಂಬಿದ್ದ ಹುಡುಗನಿಗೆ ಆಗ 21 ದಾಟಿತ್ತು. ಅವನಿಗೆಂದು ಶಾಸನ ಬರೆದಿಟ್ಟಿದ್ದ ಆ ಒಂದು ವರ್ಷ ಅವನಿಗೆ ದೊರೆಯಲೇ ಇಲ್ಲ.

ಬಿದ್ದ ಶಾಲೆಗಳನ್ನು ಮತ್ತೆ ಕಟ್ಟಿದರು. ಹದಿನಾಲ್ಕರ ವಯಸ್ಸನ್ನು ಮರಳಿ ಕೊಡುವುದು ಯಾವ ಕಾಯಿದೆಗೂ ಸಾಧ್ಯವಾಗಲಿಲ್ಲ. ನಿಮ್ಮಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ. ಮಕ್ಕಳಿಗೆ ಆ ತಾರೀಖನ್ನು ಬರೆಸುವಾಗ ಈ ಹುಡುಗನ ವಿಷಯವನ್ನೂ ಹೇಳಿ.