ರಾತ್ರಿದೀಪದ ಎಣ್ಣೆ ಯಾವ ಲೆಕ್ಕಕ್ಕೆ?

ಹೋದ ವರ್ಷ ಮಳೆಗಾಲದಲ್ಲಿ ನಾನೊಂದು ಅರ್ಜಿ ಬರೆಯಲು ಕೂತೆ. ಹಳಿಯಾಳದಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ಅರ್ಜಿ ಬರೆಯುವುದು ನನ್ನ ಕಸುಬಲ್ಲ. ಇಬ್ಬರು ನರ್ಸುಗಳು, ಒಬ್ಬ ಡಾಕ್ಟರು, ಕೆಲವು ಗೆಳೆಯರು ಸೇರಿ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ತಾಲೂಕುಗಳಲ್ಲಿ ಗುಣವಾಗದ ಕಾಯಿಲೆಯವರ ಮನೆಗೇ ಹೋಗಿ ಕೊನೆಯ ದಿನಗಳ ಆರೈಕೆ ಮಾಡಬೇಕೆಂದು ಹೊರಟಿದ್ದರು. ಅದಕ್ಕೆ ಅನುದಾನ ಬೇಕಿತ್ತು. "ಸರ, ನಿಮ್ಮ ಇಂಗ್ಲಿಷ್ ಚಲೋ ಐತಿ, ನೀವ ಬರೀರಿ" ಎಂದರು.

ನಮೂನೆಯಲ್ಲಿ ಒಂದು ಪ್ರಶ್ನೆಯಿತ್ತು: ಯೋಜನೆ ಮುಗಿಯುವ ಹೊತ್ತಿಗೆ ಎಷ್ಟು ಫಲಾನುಭವಿಗಳು ಸ್ವಾವಲಂಬಿಗಳಾಗಿರುತ್ತಾರೆ? ಪೆನ್ನು ಕೆಳಗಿಟ್ಟೆ. ಯೋಜನೆ ಮೂರು ವರ್ಷದ್ದು. ನಮ್ಮ ಫಲಾನುಭವಿಗಳಲ್ಲಿ ಹೆಚ್ಚಿನವರು ಮೂರು ತಿಂಗಳು ಇದ್ದರೆ ದೊಡ್ಡದು.

ಈ ಕಡೆಯವರು ದೊಡ್ಡ ಕಾಯಿಲೆ ಬಂದರೆ ಹುಬ್ಬಳ್ಳಿಗೋ ಬೆಳಗಾವಿಗೋ ಗೋವಾಕ್ಕೋ ಹೋಗುತ್ತಾರೆ. ಎಷ್ಟೋ ಜನ "ಇನ್ನು ಮನೆಗೆ ಕರಕೊಂಡು ಹೋಗಿ" ಎಂಬ ಮಾತು ಹೊತ್ತು ವಾಪಸಾಗುತ್ತಾರೆ. ನನ್ನ ಅವ್ವನೂ ಹಾಗೆಯೇ ಬಂದಳು. ನೋವಿಗೆ ಮಾರ್ಫಿನ್ ಎಂಬ ಮಾತ್ರೆ ಇದೆ ಎಂಬುದು ನನಗೆ ಗೊತ್ತಾಗಿದ್ದು ಅವಳು ಹೋದ ಮೇಲೆ. 1985ರ ಮಾದಕ ವಸ್ತುಗಳ ಕಾಯ್ದೆ ಬಂದ ಮೇಲೆ ಪರವಾನಗಿಗಳ ತಾಪತ್ರಯಕ್ಕೆ ಹೆದರಿ ಬಹಳ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟವು. ಕಾಯ್ದೆ ಸಡಿಲವಾಗಲು 2014ರವರೆಗೆ ಕಾಯಬೇಕಾಯಿತು. ಗಸಗಸೆ ಬೆಳೆದು ಅಫೀಮು ತೆಗೆಯುವ ದೇಶ ನಮ್ಮದು, ನೋಡಿ.

ಅರ್ಜಿ ಬರೆಯಲಾಗದೆ, ಮಾಸ್ತರರ ಹಳೆಯ ಚಾಳಿಯಂತೆ, ನಾನು ಹಿಂದಕ್ಕೆ ಹೋದೆ. ಸಾಯುವವರ ಬಳಿ ಕೂರುವ ಕೆಲಸಕ್ಕೆ ನಮ್ಮಲ್ಲಿ ಯಾರು, ಹೇಗೆ ಏರ್ಪಾಡು ಮಾಡಿದ್ದರು?

ಮೊದಲು ನೆನಪಾದದ್ದು ಜೈನರ ಸಲ್ಲೇಖನ. ಕರ್ನಾಟಕದ ತುಂಬ ನಿಸಿಧಿ ಕಲ್ಲುಗಳಿವೆ. ಸತ್ತವರ ಹೆಸರನ್ನು ನಾವು ಓದುತ್ತೇವೆ, ಅವರ ಪಕ್ಕದಲ್ಲಿದ್ದವರನ್ನು ಮರೆಯುತ್ತೇವೆ. ಶಿವಾರ್ಯನ 'ಭಗವತೀ ಆರಾಧನಾ', ನಮ್ಮ 'ವಡ್ಡಾರಾಧನೆ'ಯ ಬೇರುಗಳಿರುವ ಗ್ರಂಥ, ವ್ರತ ಹಿಡಿದು ಮಲಗಿದ ಒಬ್ಬ ಮುನಿಗೆ 48 ಮಂದಿ ನಿರ್ಯಾಪಕರಿರಬೇಕು ಎನ್ನುತ್ತದೆ. ಮೈ ಒತ್ತಿ ಮಗ್ಗುಲು ತಿರುಗಿಸುವವರು, ಧರ್ಮಕಥೆ ಹೇಳುವವರು, ಆಹಾರ ನೋಡಿಕೊಳ್ಳುವವರು, ಮಲಮೂತ್ರ ತೆಗೆಯುವವರು, ಬಾಗಿಲು ಕಾಯುವವರು. ಅಷ್ಟು ಮಂದಿ ಸಿಗದಿದ್ದರೆ ಕಡಿಮೆ ಮಾಡಿಕೊಳ್ಳಬಹುದು, ಆದರೆ ಇಬ್ಬರಿಗಿಂತ ಕಡಿಮೆ ಕೂಡದು. ಅದು ವ್ರತ, ನಮ್ಮದು ಕಾಯಿಲೆ. ಎರಡನ್ನೂ ಒಂದೇ ಎನ್ನಲಾರೆ. ಆದರೂ ಆ ಕೊನೆಯ ಷರತ್ತು ನನ್ನನ್ನು ಹಿಡಿದು ನಿಲ್ಲಿಸಿತು. ನಾಲ್ಕು ತಾಲೂಕಿಗೆ ನಾವು ಕೇಳುತ್ತಿದ್ದದ್ದು ಇಬ್ಬರು ನರ್ಸುಗಳನ್ನು.

ಹಣದ ವಿಷಯಕ್ಕೆ ಬಂದರೆ ಶಾಸನಗಳು. ಮುಂಡಗೋಡದಿಂದ ದಕ್ಷಿಣಕ್ಕೆ ಬನವಾಸಿ ದಾಟಿ ಹೋದರೆ ಬಳ್ಳಿಗಾವೆ. ಅಲ್ಲಿನ ಕೋಡಿಯ ಮಠದ 1162ರ ಶಾಸನ, ಆ ಮಠ ದೀನರು, ಕುರುಡರು, ಕಿವುಡರಿಗೆ ಅನ್ನ ಹಾಕುವ, ರೋಗಿಗಳಿಗೆ ಚಿಕಿತ್ಸೆ ಕೊಡುವ ಜಾಗ ಎಂದು ಹೇಳುತ್ತದೆ. ಇದಕ್ಕೂ ನೂರು ವರ್ಷ ಹಿಂದೆ, ತಮಿಳುನಾಡಿನ ತಿರುಮುಕ್ಕೂಡಲಿನಲ್ಲಿ ವೀರರಾಜೇಂದ್ರ ಚೋಳನ ಕಾಲದ ಶಾಸನ ಇನ್ನೂ ಕರಾರುವಾಕ್ಕು. 15 ಹಾಸಿಗೆಗಳ ಆಸ್ಪತ್ರೆ. ವೈದ್ಯನಿಗೆ ಇಷ್ಟು ಭತ್ತ, ಶಸ್ತ್ರವೈದ್ಯನಿಗೆ ಇಷ್ಟು, ಮೂಲಿಕೆ ತರುವವರಿಗೆ, ಶುಶ್ರೂಷೆ ಮಾಡುವ ಹೆಂಗಸರಿಗೆ, ಕ್ಷೌರಿಕನಿಗೆ ಇಷ್ಟಿಷ್ಟು ಎಂದು ಬರೆದಿದೆ. ರಾತ್ರಿ ಆಸ್ಪತ್ರೆಯಲ್ಲಿ ಉರಿಯುವ ದೀಪದ ಎಣ್ಣೆಗೂ ಅಲ್ಲಿ ಲೆಕ್ಕವಿದೆ. ಹಾಗೆ ನೋಡಿದರೆ ದಾನಶಾಸನ ಎಂದರೆ ಒಂದು ಅನುದಾನ ಪತ್ರವೇ; ವ್ಯತ್ಯಾಸವೆಂದರೆ ಸೂರ್ಯಚಂದ್ರರಿರುವ ತನಕ ಎಂದು ಕೊಡುತ್ತಿದ್ದರು, ಮೂರು ವರ್ಷಕ್ಕಲ್ಲ.

ಇಂದು ನಾವು ಹಾಸ್ಪೀಸ್ ಎನ್ನುವುದರ ಕಥೆಯೂ ದಾನದಿಂದಲೇ ಶುರು. 1948ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಡೇವಿಡ್ ಟಾಸ್ಮಾ ಎಂಬ ಪೋಲೆಂಡಿನ ಯಹೂದಿ ಸಾಯುವ ಮುನ್ನ, ತನ್ನನ್ನು ನೋಡಿಕೊಂಡ ಸಿಸೆಲಿ ಸಾಂಡರ್ಸ್‌ಗೆ, ನೀನು ಕಟ್ಟುವ ಮನೆಗೆ ಒಂದು ಕಿಟಕಿಯಾಗಲಿ ಎಂದು 500 ಪೌಂಡ್ ಬಿಟ್ಟುಹೋದ. ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸ್ ಬಾಗಿಲು ತೆರೆದದ್ದು 1967ರಲ್ಲಿ. ಕಿಟಕಿಗೆ ಮನೆ ಸಿಗಲು 19 ವರ್ಷ! ನಮ್ಮ ದೇಶದ ಮೊದಲ ಹಾಸ್ಪೀಸ್ ಮುಂಬೈನ ಶಾಂತಿ ಆವೇದನಾ, 1986ರದು. ಬೆಂಗಳೂರಿನ ಕರುಣಾಶ್ರಯದ ಟ್ರಸ್ಟ್ ಆದದ್ದು 1994ರಲ್ಲಿ, ಒಳರೋಗಿಗಳ ಕಟ್ಟಡ ತೆರೆದದ್ದು 1999ರಲ್ಲಿ. ಮಲಪ್ಪುರಂನಲ್ಲಿ ನೆರೆಹೊರೆಯವರೇ ಚಿಲ್ಲರೆ ಕೂಡಿಸಿ ಮನೆಮನೆಯ ಆರೈಕೆ ಕಟ್ಟಿದರು.

ನಮ್ಮಂಥವರಿಗೆ ಈಗಿರುವ ದಾರಿಗಳು ಮೂರೋ ನಾಲ್ಕೋ. ಸರ್ಕಾರದ ರಾಷ್ಟ್ರೀಯ ಉಪಶಾಮಕ ಆರೈಕೆ ಕಾರ್ಯಕ್ರಮ 2012ರಿಂದ ಇದೆ. ರಾಜ್ಯ ತನ್ನ ವಾರ್ಷಿಕ ಯೋಜನೆಯಲ್ಲಿ ಸೇರಿಸಿ ಕೇಳಿದರೆ ಹಣ. ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕೆಂಬ ಕಾನೂನು 2014ರಿಂದ ಜಾರಿಯಲ್ಲಿದೆ; ತಮ್ಮ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಅದರಲ್ಲಿದೆ. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯಿದೆ. ಜೋಯಿಡಾದಲ್ಲಿ ಇರುವುದು ಕಾಡು, ಸೂಪಾ ಅಣೆಕಟ್ಟು, ಹುಲಿ. ಹಣ ಕಾರ್ಖಾನೆಯ ಸುತ್ತ ಹರಿಯುತ್ತದೆ, ಕುಣಬಿಗಳ ಕೇರಿಯ ತನಕ ಹತ್ತುವುದು ಕಷ್ಟ. ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ 1966ರ ಸುಮಾರಿಗೆ ಬಂದು ಕಾಡು ಕಡಿದು ಜೋಳ ಬಿತ್ತಿದ ತಲೆಮಾರು ಈಗ ಹಾಸಿಗೆ ಹಿಡಿಯುತ್ತಿದೆ. ಅವರಿಗೆ ವೃದ್ಧಾಶ್ರಮವಿದೆ, ಹೊರದೇಶದ ದಾನಿಗಳಿದ್ದಾರೆ. ಅಲ್ಲೇ ಪಕ್ಕದ ಸಿದ್ದಿಗಳ ಹಟ್ಟಿಗೆ ಅದಿಲ್ಲ. ವಿದೇಶಿ ದೇಣಿಗೆಯ ಕಾನೂನು 2020ರಲ್ಲಿ ಬಿಗಿಯಾಗಿ, ಆಡಳಿತ ವೆಚ್ಚ ಶೇ. 20 ಮೀರಬಾರದು ಎಂದಾಯಿತು.

ನಮ್ಮ ಮೊದಲ ಅರ್ಜಿ ತಿರುಗಿ ಬಂತು. ಕಟ್ಟಡ, ಮಂಚ, ಯಂತ್ರ ಕೇಳಿ, ಕೊಡುತ್ತೇವೆ. ಸಂಬಳ, ಡೀಸೆಲ್ ಬೇಡ ಎಂದಿದ್ದರು. ಕಟ್ಟಡಕ್ಕೆ ಕಲ್ಲು ಹಾಕಿ ಹೆಸರು ಕೆತ್ತಬಹುದು, ಡೀಸೆಲ್ ಮೇಲೆ ಹೇಗೆ ಕೆತ್ತುವುದು? ಸಿಟ್ಟು ಬಂತು, ನಿಜ. ಆದರೆ ಒಬ್ಬ ಚೋಳ ಅಧಿಕಾರಿಗೆ ತಿಳಿದದ್ದು ಇವರಿಗೂ ತಿಳಿದೀತು ಎಂದು, ಎರಡನೆಯ ಅರ್ಜಿಯಲ್ಲಿ ತಿರುಮುಕ್ಕೂಡಲಿನ ಪಟ್ಟಿಯನ್ನು ಒಂದು ಪ್ಯಾರಾ ಬರೆದೆ. ಸ್ವಾವಲಂಬಿಗಳ ಕಾಲಂನಲ್ಲಿ ಸೊನ್ನೆ ಹಾಕಿದೆ.

ಬಜೆಟ್ ಓದಿ ಹೇಳಿದಾಗ ಹಿರಿಯ ಸಿಸ್ಟರ್ ನಡುವೆ ತಡೆದರು. "ಸರ, ಟಾರ್ಚ್ ಬರದೇ ಇಲ್ಲಲ್ರಿ. ಜೋಯಿಡಾದಾಗ ಮಳಿ ಬಂದ್ರ ಕರೆಂಟ್ ಇರಂಗಿಲ್ಲ. ಆ ಮುದುಕಿಗೆ ರಾತ್ರಿ ಇಂಜೆಕ್ಷನ್ ಹೆಂಗ ಕೊಡ್ಲಿ?"

ಬರೆದೆ: ಟಾರ್ಚ್ 2, ಸೆಲ್ಲು 36 ತಿಂಗಳಿಗೆ. ಕಳೆದ ವಾರ ಫೋನು ಬಂದಿತ್ತು. ಸಂಬಳದ ಬಗ್ಗೆ ಏನೂ ಕೇಳಲಿಲ್ಲ. ಸೆಲ್ಲನ್ನು ಯಾವ ಲೆಕ್ಕದಲ್ಲಿ ತೋರಿಸಿದ್ದೀರಿ ಎಂದು ಕೇಳಿದರು. ಔಷಧ ಎಂದೆ.