ತಾನೇ ಏಳುವ ಮುಳ್ಳು

ನನ್ನ ತಾಯಿಯವರಿಗೆ ಈಗ 84 ವರ್ಷ. ಕಿವಿ ಇನ್ನೂ ಚುರುಕಾಗಿದೆ. ಕೈ ಮಾತ್ರ ನಡುಗುತ್ತದೆ. ತಂದೆಯವರು ಕೊಂಡುತಂದಿದ್ದ ಎಂ. ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತದ ಎಲ್‌ಪಿ ಪ್ಲೇಟನ್ನು ಬೆಳಗಿನ ಕಾಫಿಗೆ ಮುಂಚೆ ಹಾಕುವುದು ಅವರ ವಾಡಿಕೆ. ಕಳೆದ ಆಷಾಢದಲ್ಲೊಂದು ದಿನ ಮುಳ್ಳು ಇಡುವಾಗ ಕೈ ಜಾರಿತು. ಪ್ಲೇಟಿನ ಮೇಲೆ ಒಂದು ಗೀರು ಬಿತ್ತು. ಮರುದಿನದಿಂದ ಅವರು ಪೆಟ್ಟಿಗೆಯ ಮುಚ್ಚಳವನ್ನೇ ತೆರೆಯಲಿಲ್ಲ. ಕೇಳಿದರೆ, “ನಿಮ್ಮಪ್ಪ ಜೋಪಾನ ಮಾಡಿಟ್ಟಿದ್ದರು ಕಣೋ, ಇರೋದೂ ಹಾಳಾಗೋದು ಬೇಡ” ಎಂದರು.

ತಾನೇ ಮುಳ್ಳಿಟ್ಟು, ತಾನೇ ಎತ್ತುವ ಯಂತ್ರವೊಂದನ್ನು ತರಬೇಕೆಂದು ಆಗ ನಿಶ್ಚಯಿಸಿದೆ. ಸಂಗೀತ ಬಲ್ಲ ಮಿತ್ರರೊಬ್ಬರು ಕೂಡದೆಂದರು. “ಸ್ವಯಂಚಾಲಿತವೆ? ಅದು ಪ್ಲೇಟು ತಿನ್ನುವ ಯಂತ್ರ. ಕೈಯಿಂದ ಮುಳ್ಳಿಡುವುದನ್ನೇ ಕೊಳ್ಳಿ” ಎಂಬುದು ಅವರ ತೀರ್ಪು. ಈ ಅಪವಾದ ಎಲ್ಲಿಂದ ಬಂತೆಂದು ತಿಳಿಯಹೊರಟರೆ, ಅದರ ಹಿಂದೆ ಒಂದು ಚರಿತ್ರೆಯೇ ಇದೆ.

1902ರ ನವೆಂಬರಿನಲ್ಲಿ ಕಲ್ಕತ್ತೆಯ ಹೋಟೆಲೊಂದರಲ್ಲಿ ಗೌಹರ್ ಜಾನ್ ಗ್ರಾಮಾಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗನ ಕಹಳೆಯ ಮುಂದೆ ಹಾಡಿದರು. 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡ ಕಲಾವಿದೆ ಅವರೇ. ಗಂಟೆಗಟ್ಟಲೆ ಹಾಡಬಲ್ಲ ಆಕೆಗೆ ಅಂದು ದೊರೆತ ಅವಕಾಶ ಸುಮಾರು ಮೂರು ನಿಮಿಷ! ಅರಗಿನ ಆ ಪ್ಲೇಟುಗಳು ಮುಂದೆ ನಿಮಿಷಕ್ಕೆ 78 ಸುತ್ತು ಎಂಬ ವೇಗಕ್ಕೆ ನಿಂತರೂ, ಒಂದು ಮುಖ ಮೂರು ನಾಲ್ಕು ನಿಮಿಷಕ್ಕೇ ಮುಗಿಯುತ್ತಿತ್ತು. ಕೂಡಲೇ ಎದ್ದು, ಕೀಲಿ ಕೊಟ್ಟು, ಉಕ್ಕಿನ ಮುಳ್ಳು ಬದಲಾಯಿಸಿ, ಪ್ಲೇಟು ತಿರುವಿಹಾಕಬೇಕು. ಕೇಳುವವನಿಗೆ ಕುಳಿತುಕೊಳ್ಳಲು ಪುರಸತ್ತೆಲ್ಲಿ?

ನಮ್ಮ ವಿದ್ವಾಂಸರು ಕೃತಿಯನ್ನು ಮೂರು ನಿಮಿಷಕ್ಕೆ ಅಡಕ ಮಾಡಿ ಹಾಡುವುದನ್ನು ಕಲಿತರು. ಪಾಶ್ಚಾತ್ಯರ ಸಿಂಫೊನಿಯನ್ನು ಹಾಗೆ ಮೊಟಕು ಮಾಡುವಂತಿರಲಿಲ್ಲ. ಅದು ನಾಲ್ಕೈದು ಪ್ಲೇಟುಗಳಿಗೆ ಹರಡುತ್ತಿತ್ತು. ಆದುದರಿಂದ, ಪ್ಲೇಟನ್ನು ತಾನೇ ಬದಲಾಯಿಸುವ ಯಂತ್ರ ಬೇಕಾಯಿತು. 1927ರಲ್ಲಿ ಅಮೆರಿಕದ ವಿಕ್ಟರ್ ಕಂಪೆನಿ ಹನ್ನೆರಡು ಪ್ಲೇಟುಗಳನ್ನು ಒಂದಾದಮೇಲೊಂದು ನುಡಿಸುವ ಯಂತ್ರವನ್ನು ಮಾರಾಟಕ್ಕೆ ತಂದಿತು. ಪ್ಲೇಟು ಅಚ್ಚು ಮಾಡುವವರೂ ಇಂಥ ಯಂತ್ರಕ್ಕೆ ಹೊಂದಿಕೊಂಡರು. ನಾಲ್ಕು ಪ್ಲೇಟಿನ ಕಟ್ಟಿನಲ್ಲಿ ಒಂದನೆಯ ಭಾಗದ ಹಿಂಬದಿಗೆ ಎಂಟನೆಯದು, ಎರಡನೆಯದರ ಹಿಂಬದಿಗೆ ಏಳನೆಯದು. ನಾಲ್ಕನ್ನು ಕೇಳಿ, ರಾಶಿಯನ್ನು ಒಟ್ಟಿಗೆ ಮಗುಚಿದರೆ ಐದರಿಂದ ಎಂಟು ಸಾಲಾಗಿ ಬರುತ್ತವೆ. ಹಳೆಯ ಪ್ಲೇಟಿನ ಅಂಗಡಿಯಲ್ಲಿ ಇಂಥದೊಂದು ಕಟ್ಟನ್ನು ಕಂಡು, ಅಂಕಿ ತಪ್ಪಾಗಿದೆಯೆಂದು ಬಿಟ್ಟುಬಂದ ಜಾಣ ನಾನು!

ಆದರೂ ಪ್ಲೇಟು ಬದಲಾಗುವಾಗಿನ ತಡೆ ತಪ್ಪಲಿಲ್ಲ. ಮಿತ್ರರ ಮನೆಯಲ್ಲಿ ಬ್ರಾಹ್ಮ್ಸನ ಪಿಯಾನೊ ಸಂಗೀತ ಕೇಳುತ್ತಿದ್ದಾಗ ಇದರಿಂದಾದ ರಸಭಂಗವೇ ತಮ್ಮನ್ನು ಹೊಸ ಪ್ಲೇಟಿನ ಯೋಚನೆಗೆ ಹಚ್ಚಿತೆಂದು ಸಿಬಿಎಸ್ ಸಂಸ್ಥೆಯ ಎಂಜಿನಿಯರ್ ಪೀಟರ್ ಗೋಲ್ಡ್‌ಮಾರ್ಕ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. 1948ರ ಜೂನಿನಲ್ಲಿ ಕೊಲಂಬಿಯಾ ಕಂಪೆನಿಯ ವಿನೈಲ್ ಎಲ್‌ಪಿ ಬಂತು. ವೇಗ ನಿಮಿಷಕ್ಕೆ 33⅓ ಸುತ್ತು. ಮುಖವೊಂದಕ್ಕೆ ಇಪ್ಪತ್ತು ನಿಮಿಷಕ್ಕೂ ಮೇಲ್ಪಟ್ಟ ಸಂಗೀತ. 1963ರಲ್ಲಿ ಸುಪ್ರಭಾತ ನಮ್ಮ ಮನೆಗಳಿಗೆ ಬಂದುದು ಇಂಥ ಪ್ಲೇಟಿನ ಮೇಲೆಯೇ. 78ರ ಪ್ಲೇಟಾಗಿದ್ದರೆ ದೇವರು ಏಳುವುದರೊಳಗೆ ನಾವು ನಾಲ್ಕಾರು ಸಲ ಏಳಬೇಕಾಗುತ್ತಿತ್ತು.

ನ್ಯಾಯವಾಗಿ ಚೇಂಜರಿನ ಕೆಲಸ ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಜನಕ್ಕೆ ಅದರ ರುಚಿ ಹತ್ತಿತ್ತು. ಇಂಗ್ಲೆಂಡಿನ ಗ್ಯಾರರ್ಡ್, ಬಿಎಸ್‌ಆರ್ ಮುಂತಾದ ಕಂಪೆನಿಗಳು ಅವನ್ನು ಲಕ್ಷಗಟ್ಟಲೆ ತಯಾರಿಸಿದುವು. ನಮ್ಮ ದೇಶದ ಎಷ್ಟೋ ರೇಡಿಯೋಗ್ರಾಮುಗಳಲ್ಲೂ ಅವು ಕುಳಿತವು. ನಡುವಿನ ಕಡ್ಡಿಯ ಮೇಲೆ ಆರೆಂಟು ಪ್ಲೇಟು ಪೇರಿಸಿದರೆ, ಒಂದು ಮುಗಿದೊಡನೆ ಇನ್ನೊಂದು ಅದರ ಮೇಲೆ ಬೀಳುತ್ತಿತ್ತು. ರಾಶಿ ಬೆಳೆದಂತೆ ಮುಳ್ಳಿನ ಓರೆ ಬದಲಾಗುತ್ತಿತ್ತು. ಅಗ್ಗದ ಯಂತ್ರಗಳಲ್ಲಿ ಮುಳ್ಳಿನ ಭಾರವೂ ಹೆಚ್ಚು. ಮೃದುವಾದ ವಿನೈಲು ಸವೆಯದೆ ಇದ್ದೀತೆ? ನನ್ನ ಮಿತ್ರರ ಅಪವಾದ ಹುಟ್ಟಿದುದು ಈ ರಾಶಿಯಿಂದ.

ಆದರೆ ಪೇರಿಸುವುದು ಬೇರೆ, ಮುಳ್ಳನ್ನು ಎತ್ತುವುದು ಬೇರೆ. 1960ರ ದಶಕದಲ್ಲಿ ಜರ್ಮನಿಯ ಡ್ಯೂಯಲ್ ಕಂಪೆನಿ, ಹಗುರವಾಗಿ ನುಡಿಸುವ ಯಂತ್ರವೂ ಸ್ವಯಂಚಾಲಿತವಾಗಬಹುದೆಂದು ತೋರಿಸಿತು. ಕ್ರಮೇಣ ರಾಶಿ ಹಾಕುವ ಪದ್ಧತಿ ಹೋಗಿ, ಒಂದೇ ಪ್ಲೇಟನ್ನು ನುಡಿಸಿ ತಾನೇ ನಿಲ್ಲುವ ಯಂತ್ರ ಉಳಿಯಿತು. 1982ರಲ್ಲಿ ಸಿ.ಡಿ. ಬಂದು ಎಲ್ಲವನ್ನೂ ಮೂಲೆಗೆ ತಳ್ಳಿತು. 2022ರಲ್ಲಿ ಅಮೆರಿಕದಲ್ಲಿ ಮಾರಾಟವಾದ ವಿನೈಲಿನ ಸಂಖ್ಯೆ ಸಿ.ಡಿ.ಯದನ್ನು ಮೀರಿತು.

ಹಳೆಯ ಯಂತ್ರಗಳ ಉಪಾಯ ಬಲು ಸೊಗಸು. ಹಾಡಿನ ಗೆರೆಯಲ್ಲಿ ಮುಳ್ಳು ಸುತ್ತಿಗೆ ಕೂದಲೆಳೆಯಷ್ಟೇ ಒಳಸರಿಯುತ್ತದೆ. ತೋಳಿಗೆ ತಗುಲಿದ ಪುಟ್ಟ ಸನ್ನೆಯೊಂದು ಅದರೊಡನೆ ಸರಿದರೂ, ತಿರುಗುವ ತಟ್ಟೆ ಪ್ರತಿ ಸುತ್ತಿಗೂ ಅದನ್ನು ಹಿಂದಕ್ಕೆ ನೂಕುತ್ತದೆ. ಹಾಡು ಮುಗಿದ ಮೇಲಿನ ಅಗಲವಾದ ಗೆರೆಯಲ್ಲಿ ಮುಳ್ಳು ಸರ್ರನೆ ಒಳಕ್ಕೆ ಬರುತ್ತದೆ. ಸನ್ನೆ ನೂಕಿದರೆ ಹೋಗದಷ್ಟು ಮುಂದೆ ಬಂದು ಹಲ್ಲುಚಕ್ರಕ್ಕೆ ಸಿಕ್ಕುತ್ತದೆ. ಆ ಚಕ್ರ ಒಂದು ಸುತ್ತು ಸುತ್ತುವುದರೊಳಗೆ ತೋಳು ಮೇಲೆದ್ದು ಮನೆ ಸೇರಿರುತ್ತದೆ. ಕಿವಿಯಿಲ್ಲದ ಯಂತ್ರ, ಹಾಡು ಮುಗಿದುದನ್ನು ಬರಿಯ ವೇಗದಿಂದಲೇ ತಿಳಿಯುತ್ತದೆ!

ಕೊಳ್ಳುವವರು ಮೂರು ಬಗೆಯಲ್ಲಿ ಒಂದನ್ನು ಆರಿಸಬೇಕು. ಎಲ್ಲವನ್ನೂ ಕೈಯಿಂದ ಮಾಡುವುದೊಂದು. ಕೊನೆಯಲ್ಲಿ ಮಾತ್ರ ತಾನೇ ನಿಲ್ಲುವುದೊಂದು. ಗುಂಡಿ ಒತ್ತಿದರೆ ಮೊದಲಿನಿಂದ ಕೊನೆಯವರೆಗೆ ತಾನೇ ನೋಡಿಕೊಳ್ಳುವುದೊಂದು. ಕೊನೆಯದರಲ್ಲಿ ಕೆಡಬಹುದಾದ ಭಾಗಗಳು ಹೆಚ್ಚು, ಮುಳ್ಳಿನ ಭಾರವನ್ನು ಬೇಕಾದಂತೆ ಹೊಂದಿಸುವ ಸೌಕರ್ಯ ಕೆಲವದರಲ್ಲಿ ಇರುವುದಿಲ್ಲ. ಕಿವಿಯೊಂದನ್ನೇ ನೆಚ್ಚಿದವರಿಗೆ ಮಿತ್ರರ ಸಲಹೆ ಸರಿಯೇ. ಆದರೆ ಕೈ ನಡುಗುವವರಿಗೆ ಮೊದಲ ಎರಡರಿಂದ ಏನು ಪ್ರಯೋಜನ? ಮೂರನೆಯದನ್ನೇ ತಂದೆ. ಮುಳ್ಳಿನ ಭಾರ ಸುಮಾರು ಮೂರು ಗ್ರಾಂ. ಕೈ ಜಾರುವ ಪೆಟ್ಟಿಗೆ ಹೋಲಿಸಿದರೆ ಅದೇನೂ ಅಲ್ಲ.

ಮೊದಲ ದಿನ ತಾಯಿಯವರು ಗುಂಡಿ ಒತ್ತಿ, ಕೈ ಹಿಂದೆಳೆದುಕೊಂಡು, ತೋಳು ತಾನಾಗಿ ಇಳಿಯುವುದನ್ನೇ ನೋಡುತ್ತ ನಿಂತರು. ಈಗ ನನ್ನನ್ನು ಕಾಯುವುದಿಲ್ಲ; ನಾನು ಏಳುವ ಹೊತ್ತಿಗೆ ಸುಪ್ರಭಾತ ಅರ್ಧ ಮುಗಿದಿರುತ್ತದೆ. ಆ ಗೀರಿನ ಹತ್ತಿರ ಬಂದಾಗ ಮಾತ್ರ ಮುಳ್ಳು ಹಿಂದಕ್ಕೆ ಹಾರಿ, ಅದೇ ಪದವನ್ನು ಮತ್ತೆ ಮತ್ತೆ ಹೇಳುತ್ತದೆ. ಯಂತ್ರಕ್ಕೆ ಅದು ತಿಳಿಯದು. “ಬಾರೋ, ಸ್ವಲ್ಪ ದಾಟಿಸು” ಎಂದು ಕೂಗುತ್ತಾರೆ. ಅಷ್ಟಕ್ಕೆ ನಾನು ಏಳುತ್ತೇನೆ.