ಇಸಾಂಪುರದ ಕಲ್ಲುಕುಟಿಗರು

ಶಿಲಾಯುಗದ ಮಾನವನು ಕೈಗೆ ಸಿಕ್ಕಿದ ಕಲ್ಲನ್ನು ಹೇಗೋ ಒಡೆದು ಆಯುಧ ಮಾಡಿಕೊಂಡನೆಂದು ನಮ್ಮಲ್ಲಿ ಅನೇಕರು ಬಗೆದಿರುವುದುಂಟು. ಯಾದಗಿರಿ ಜಿಲ್ಲೆಯ ಹುಣಸಗಿ ಬಯಲಿನ ಇಸಾಂಪುರವನ್ನು ಬಲ್ಲವರು ಹಾಗೆನ್ನಲಾರರು. ಪುಣೆಯ ಡೆಕ್ಕನ್ ಕಾಲೇಜಿನ ಡಾ. ಕೆ. ಪದ್ದಯ್ಯನವರು 1997ರಿಂದ 2001ರವರೆಗೆ ಅಲ್ಲಿ ಉತ್ಖನನ ನಡೆಸಿ, ಸುಮಾರು 12 ಲಕ್ಷ ವರ್ಷಗಳಷ್ಟು ಪ್ರಾಚೀನವಾದ ಕಲ್ಲಾಯುಧಗಳ ಕಾರ್ಯಸ್ಥಾನವನ್ನು ಬೆಳಕಿಗೆ ತಂದರು.

ಅಲ್ಲಿ ಸುಣ್ಣಕಲ್ಲಿನ ಹಾಸು ತಾನಾಗಿಯೇ ಬಿರಿದು ಚಪ್ಪಡಿಗಳಾಗಿದೆ. ಆ ಪೂರ್ವಜರು ಅವುಗಳಲ್ಲಿ ತಕ್ಕ ಗಾತ್ರದವನ್ನೇ ಆರಿಸಿಕೊಂಡರು. ಬಡಿಯುವುದಕ್ಕೆ ಮಾತ್ರ ಬಸಾಲ್ಟ್, ಕ್ವಾರ್ಟ್ಜೈಟ್, ಚಕಮಕಿ ಕಲ್ಲಿನ ಬಂಧುವಾದ ಚರ್ಟ್ ಮುಂತಾದ ಗಟ್ಟಿ ಗುಂಡುಗಳು!

ಓದುಗರು ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಕಲ್ಲಿನ ನಟ್ಟನಡುವೆ ಹೊಡೆದರೆ ಬೇಕಾದ ಚಕ್ಕೆ ಏಳದು. 90 ಡಿಗ್ರಿಗಿಂತ ಕಿರಿದಾದ ಕೋನದ ಅಂಚನ್ನು ಹುಡುಕಿ, ಅದಕ್ಕೆ ತುಸು ಒಳಗೆ ಓರೆಯಾಗಿ ಪೆಟ್ಟು ಕೊಡಬೇಕು. ಆಗಲೇ ಹರಿತವಾದ ಚಕ್ಕೆ ಸಿಡಿಯುತ್ತದೆ. ಪೆಟ್ಟು ಬಿದ್ದೆಡೆ ಅದರ ಒಳಮೈಯಲ್ಲಿ ಸಣ್ಣ ಉಬ್ಬು ಉಳಿಯುತ್ತದೆ. ಈ ವಿದ್ಯೆಯನ್ನು ಬಲ್ಲವರ ಕೈ ನೋಡಿ, ಹತ್ತಾರು ಕಲ್ಲು ಕೆಡಿಸಿ ಕಲಿಯಬೇಕು. ಇಸಾಂಪುರದಲ್ಲಿ ಸಿದ್ಧವಾದ ಕೈಕೊಡಲಿಗಳ ಜೊತೆಗೆ ತಿರುಳುಗಲ್ಲು, ಚಕ್ಕೆ, ಪುಡಿಗಳೂ ಒಂದೆಡೆ ದೊರೆತಿರುವುದರಿಂದಲೇ ಕೆಲಸದ ಕ್ರಮವೆಲ್ಲ ನಮಗೆ ತಿಳಿದುಬಂದಿದೆ.

ಆದುದರಿಂದ ಆ ಸೀಮೆಯ ಸದ್ಭಕ್ತರು ಹೊಲ ಸಮಮಾಡುವಾಗ ಇಂಥ ಚಕ್ಕೆಗಳ ರಾಶಿ ಕಂಡರೆ, ಚೆಂದದವನ್ನು ಆಯ್ದು ಮನೆಗೆ ತರದೆ, ಇದ್ದಲ್ಲಿಯೇ ಬಿಟ್ಟು ಪುರಾತತ್ತ್ವ ಇಲಾಖೆಗೆ ತಿಳಿಸುವುದು ಲೇಸು.